ಹಸಿ ಸಿಮೆಂಟು

ಹಲಸೂರು ಕೆರೆ ದಂಡೆ, ಬೆಳಗಿನ ಆರು.
ರಾತ್ರಿ ಸುರಿದ ಸಿಮೆಂಟಿನ ಮೇಲೆ
ಯಾರೋ ನಡೆದುಹೋಗಿದ್ದಾರೆ.

ಸುಬೇದಾರ್ ಮುನಿಯಲ್ಲಪ್ಪ ಕೋಲೂರಿ ಬಗ್ಗಿದರು:
"ಹೆಂಗಸು. ಎಡಸೊಂಟಕ್ಕೆ ಮಗು. ಮೊಣಕಾಲು ನೋವು."

ಕಲಿಸಿದವನು ಕಾಶೆ,
ಎಂಬತ್ತೊಂಬತ್ತರ ನಮೀಬಿಯದಲ್ಲಿ,
ನೀಲಿ ಟೋಪಿ ಹಾಕಿ ಇವರು
ಬಂದೂಕು ಎಣಿಸಲು ಹೋಗಿದ್ದಾಗ.

ಸಾನ್ ಜನರ ಪಟಾಲಂ ಅದು.
ಜಿಂಕೆಯ ಹೆಜ್ಜೆ ಓದುತ್ತಿದ್ದವರಿಗೆ
ಮನುಷ್ಯರ ಹೆಜ್ಜೆ ಓದಲು ಸಂಬಳ.
ಮೊದಲು ಪೋರ್ಚುಗೀಸ್ ದೊರೆ,
ಅವನು ಓಡಿದ ಮೇಲೆ ದಕ್ಷಿಣದವನು.
ಅವನೂ ಗಂಟು ಕಟ್ಟಿದಾಗ
ಹೆಂಡತಿ ಮಕ್ಕಳ ಸಮೇತ ಲಾರಿ,
ದೂರದ ಬಯಲಲ್ಲಿ ಗುಡಾರ.

"ಯಾರ ಕಡೆಯವರು ತಾತ, ಅವರು?"
"ನಮ್ಮಜ್ಜ ಬಸ್ರಾದಲ್ಲಿ ಸೇತುವೆ ಕಟ್ಟಿದನಲ್ಲ,
ಅವನು ಯಾರ ಕಡೆ?"
ಮೊಮ್ಮಗಳು ಸುಮ್ಮನಾದಳು.

ಲಾರಿ ಹತ್ತುವ ಮುನ್ನ ಕಾಶೆ
ಮರಳಲ್ಲಿ ತನ್ನದೇ ಹೆಜ್ಜೆ ನೋಡಿದ್ದ,
ಯಾರದೋ ಎಂಬಂತೆ, ಬಹಳ ಹೊತ್ತು.

ಗಾರೆಯವನು ಬಂದ, ಕರಣೆ ಹಿಡಿದು.