ಏಳನೇ ನಂಬರಿನ ಕಾಲುದಾರಿ

ಕೋಟೆ ನೋಡಲು ಬಂದವರು ಈ ಕಡೆ ಬರುವುದಿಲ್ಲ.
ಕೋಟೆಗೆ ಕಂದು ಬಣ್ಣದ ಫಲಕವಿದೆ, ಕಾರು ನಿಲ್ಲಿಸಲು ಜಾಗವಿದೆ,
ಸ್ಕೋನು, ಜಾಮು, ಬಿಸಿ ಚಹಾ ಇದೆ.
ಹಳಿ ಕಿತ್ತ ಹಳೆಯ ರೈಲುದಾರಿಯಲ್ಲಿ
ಭಾನುವಾರವೆಲ್ಲ ಸೈಕಲ್ಲು, ಗಂಟೆ, ಹೆಲ್ಮೆಟ್ಟು.
ನನ್ನ ಹೊಲದಲ್ಲಿ ಏನಿದೆ?
ಜವೆ ಇದೆ. ಗಾಳಿ ಇದೆ.
ಮತ್ತೆ, ತಪ್ಪು ಲೆಕ್ಕದ ಮೇಲೆ ಮೇಷ್ಟ್ರು ಗೀಟು ಎಳೆದ ಹಾಗೆ
ಮೂಲೆಯಿಂದ ಮೂಲೆಗೆ
ಏಳನೇ ನಂಬರಿನ ಕಾಲುದಾರಿ.

ಮುರಿಯೆಲ್ ಆಕಂಡನ್
ಕಾಲು ಕೆರೆದು ಜಗಳಕ್ಕೆ ಬಂದದ್ದು ಈ ದಾರಿಗಾಗಿಯೇ.
ಮೂವತ್ತು ವರ್ಷ ಕೂತು ಬಸ್ಸು ಓಡಿಸಿದವಳು,
ಕಾಲಿನ ಬಾಕಿಯನ್ನೆಲ್ಲ ನಿವೃತ್ತಿಯಲ್ಲಿ ತೀರಿಸುತ್ತಿದ್ದಳು.
ಚೀಲದಲ್ಲಿ ಕತ್ತರಿ, ಹಳದಿ ಬಣ್ಣದ ಡಬ್ಬಿ,
ಕೌಂಟಿ ಕಚೇರಿಯ ಮೊಹರು ಬಿದ್ದ ನಕ್ಷೆ.
ತಡಮೆಯ ಮೇಲೆ ಹತ್ತಿ ನಿಂತು ಕೂಗುವಳು:
'ಮಿಸ್ಟರ್ ಟನಿಕ್ಲಿಫ್, ದಾರಿಯ ಮೇಲೆ ಬಿತ್ತಿದ್ದೀರಿ!'
'ದಾರಿ ಬೇಲಿಯ ಬದಿಗಿದೆ, ಮಿಸ್ ಆಕಂಡನ್.'
'ದಾರಿ ನಾನು ನಡೆದಲ್ಲಿದೆ.'
ಎಂದು, ಎದೆಮಟ್ಟದ ಜವೆಯಲ್ಲಿ
ದೋಣಿಯ ಹಾಗೆ ನುಗ್ಗಿ ಹೋಗುವಳು.
ಬರೀ ಟೋಪಿ ಕಾಣುವುದು. ಹಸಿರು ಉಣ್ಣೆಯದು.

ಹಳ್ಳಿಯ ಹಾಲಿನಲ್ಲಿ ವಿಚಾರಣೆ ನಡೆಯಿತು.
ತನಿಖಾಧಿಕಾರಿ ಶೀತ ಹಿಡಿದು ಸೀನುತ್ತಿದ್ದ.
ಅವಳು ಹೇಳಿದಳು: ಕಣಿವೆಯ ಗುಂಡಿ ಕಾರ್ಖಾನೆಗೆ
ಮೇಲೂರಿನ ಹುಡುಗಿಯರು ಇಲ್ಲೇ ನಡೆದು ಹೋಗುತ್ತಿದ್ದರು,
ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುತ್ತಿದ್ದರು.
'ಪುರಾವೆ?' ಎಂದ ಅಧಿಕಾರಿ.
ಕಾರ್ಖಾನೆ ಸುಟ್ಟು ಎಷ್ಟು ಕಾಲವಾಯಿತು,
ಗೋಡೆಯೊಂದು ಉಳಿದಿದೆ, ಅದರ ತುಂಬ ತುರಚೆ.
ಅವಳ ಬಳಿ ಇದ್ದದ್ದು ನಕ್ಷೆ, ಹಟ.
ನಾನು ಪ್ರಮಾಣ ಮಾಡಿ ಹೇಳಿದೆ,
ಅಂಥ ಗುರುತೊಂದನ್ನೂ ನನ್ನ ನೇಗಿಲು ಕಂಡಿಲ್ಲ.

ಗೆದ್ದವಳು ಅವಳೇ. ನಕ್ಷೆಯ ಗೆರೆ ಗೆದ್ದಿತು.
ನಾನು ಕಾನೂನು ಹೇಳಿದಷ್ಟೇ ಅಗಲ ಬಿಟ್ಟೆ,
ಒಂದು ಗೇಣು ಹೆಚ್ಚಿಲ್ಲ.

ಈ ವಸಂತದಲ್ಲಿ ಅವಳು ಬರಲಿಲ್ಲ.
ಸೊಂಟದ ಮೂಳೆ ಬದಲಾಯಿಸಿದ್ದಾರೆ, ಎಂದ ಅಂಚೆಯವ.
ಏಪ್ರಿಲ್ ಹೋಯಿತು, ಮೇ ಬಂತು,
ಬೇಲಿಯ ಹಾಥಾರ್ನ್ ಬಿಳಿಯಾಗಿ ಉಕ್ಕಿತು,
ತಡಮೆಗೆ ಮುಳ್ಳುಬಳ್ಳಿ ಹಬ್ಬಿತು.
ಬೈಯುವವರಿಲ್ಲದ ಹೊಲ
ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಒಂದು ಸಂಜೆ ಟ್ರ್ಯಾಕ್ಟರಿನಿಂದ ಇಳಿದೆ.
ನಲವತ್ತು ವರ್ಷ ಉತ್ತ ನೆಲವನ್ನು
ಅಡ್ಡಲಾಗಿ ಒಮ್ಮೆಯೂ ನಡೆದು ದಾಟಿರಲಿಲ್ಲ.
ನೆಲಗುಬ್ಬಿಯೊಂದು ಕಾಲ ಬುಡದಿಂದಲೇ ಚಿಮ್ಮಿ
ಮೇಲೆಲ್ಲೋ ನಿಂತು ಹಾಡಿತು.
ದಿಬ್ಬದ ನಡುವೆ ಬಂದಾಗ ತಿಳಿಯಿತು:
ಇಲ್ಲಿಂದ, ಇಲ್ಲಿಂದ ಮಾತ್ರ,
ಮೇಲೂರಿನ ಹೊಗೆಕೊಳವೆಗಳೂ ಕೆಳಗಿನ ಆ ಗೋಡೆಯೂ
ಒಟ್ಟಿಗೇ ಕಾಣುತ್ತವೆ.
ಬೇಲಿಯ ಬದಿಯಿಂದ ಎರಡೂ ಕಾಣುವುದಿಲ್ಲ.
ಚಳಿಯಲ್ಲಿ ಹೊರಟ ಹುಡುಗಿ ಯಾವ ದಾರಿ ಹಿಡಿದಾಳು?

ಹಾಗೆ ನೋಡಿದರೆ ನನಗೆ ಮೊದಲೇ ಗೊತ್ತಿತ್ತು.
ಅಡುಗೆಮನೆಯ ಕಪಾಟಿನಲ್ಲಿ,
ಅಳತೆಪಟ್ಟಿಯ ಹಿಂದೆ, ಬಿಸ್ಕತ್ತಿನ ಹಳೆಯ ಡಬ್ಬಿ.
ಅದರಲ್ಲಿ ನೂರಹದಿನಾಲ್ಕು ಗುಂಡಿ:
ಕೊಂಬಿನವು, ಚಿಪ್ಪಿನವು, ಎರಡು ತೂತಿನವು,
ತೂತು ಕೊರೆಯದೆ ಬಿಟ್ಟವೂ ಎಂಟೊಂಬತ್ತು.
ಉಳುವಾಗ ಸಿಕ್ಕವು, ಮಳೆ ತೊಳೆದಾಗ ಮಿನುಗಿದವು,
ಮನೆಗೆ ಹೊತ್ತ ಕೆಲಸದ ಚೀಲ
ಎಲ್ಲೋ ಹರಿದು ಉದುರಿದವು.
ಎಲ್ಲವೂ ಸಿಕ್ಕಿದ್ದು ಒಂದೇ ಗೆರೆಯಲ್ಲಿ,
ಮೂಲೆಯಿಂದ ಮೂಲೆಗೆ.

ಮರುದಿನ ಮುಳ್ಳು ಸವರಿದೆ.
ಜವೆಯ ನಡುವೆ ಎರಡಾಳು ಜೊತೆಗೆ ನಡೆಯುವಷ್ಟು ಅಗಲ
ಕತ್ತರಿಸಿದೆ.
ದಾರಿ ತಪ್ಪಿದ ಇಬ್ಬರು ಸೈಕಲ್ಲಿನವರು
ತಡಮೆಯ ಬಳಿ ನಿಂತು ಕೇಳಿದರು,
'ಇಲ್ಲಿ ನೋಡುವಂಥದ್ದು ಏನಾದರೂ ಇದೆಯೆ?'
ಇಲ್ಲ, ಎಂದೆ. ಕೋಟೆ ಆ ಕಡೆ.

ಜುಲೈಯಲ್ಲಿ ಅವಳು ಬಂದಳು, ಎರಡು ಕೋಲು ಊರಿ.
ಟೋಪಿ ಅದೇ.
ಅಗಲ ನೋಡಿದಳು, ನನ್ನನ್ನು ನೋಡಿದಳು.
'ಇಷ್ಟು ನೆಟ್ಟಗೆ ಕತ್ತರಿಸಿದ್ದು ಯಾರು?'
ಟ್ರ್ಯಾಕ್ಟರು, ಎಂದೆ.
ಅವಳು ತಲೆಯಾಡಿಸಿ, ನಿಧಾನವಾಗಿ,
ದಿಬ್ಬದ ತನಕ ಹೋಗಿ ನಿಂತಳು.
ಡಬ್ಬಿ ಇನ್ನೂ ಕಪಾಟಿನಲ್ಲೇ ಇದೆ.
ಹೇಳಬೇಕು. ಕೊಯ್ಲು ಮುಗಿಯಲಿ.