ಹನ್ನೊಂದಕ್ಕೆ ನಿಲ್ಲಿಸಿದ ಬಣ್ಣ

ಗೋಣಿಕೊಪ್ಪದಲ್ಲಿ, ಕರಿಮೆಣಸಿನ ಮಂಡಿಯ ಮೇಲಿನ ಮಹಡಿ.
ಕೆಳಗೆ ಮೂಟೆ ಬಿಚ್ಚಿದರೆ ಮೇಲೆ ನನಗೆ ಸೀನು.
ಕಕ್ಕಡದಲ್ಲಿ ಮಧ್ಯಾಹ್ನ ಮೂರಕ್ಕೇ ಟ್ಯೂಬ್‌ಲೈಟು.

ಚಾತ ತಂದುಕೊಟ್ಟ ಕಾರ್ಡು ಉಗುರಿನಷ್ಟು.
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬೀಡಿಕಟ್ಟಿನ ಜೊತೆ
ಎದೆಜೇಬಿನಲ್ಲಿ ಬೆಚ್ಚಗಿಟ್ಟು ತಂದದ್ದು.
ಅದರೊಳಗೆ ಇಡೀ ಬರಪೊಳೆ.

ತೆರೆದೆ. ನೀರು ಬೂದಿ, ಬಂಡೆ ಬೂದಿ,
ಕೇಸರಿ ಜಾಕೆಟ್ಟು ತೊಟ್ಟ ಎಂಟು ಜನ
ಜ್ವರ ಬಿಟ್ಟು ಎದ್ದವರ ಹಾಗೆ ಬಿಳಿಚಿಕೊಂಡು.
ಹೆಲ್ಮೆಟ್ಟಿನ ಕ್ಯಾಮೆರಾವನ್ನು ಫ್ಲಾಟಿಗೆ ಇಡು ಅಂತ
ಅವನಿಗೆ ಹೇಳಿಕೊಟ್ಟವಳು ನಾನೇ.
ಫ್ಲಾಟ್ ಅಂದರೆ ಬಣ್ಣವಿಲ್ಲ ಅಂತಲ್ಲ,
ಜಗಳದ ಮನೆಗೆ ಬಂದು ಸುಮ್ಮನೆ ಕೂತ ನೆಂಟ:
ಎಲ್ಲ ನೋಡಿರುತ್ತಾನೆ,
ಕೇಳಿದರೆ ಮಾತ್ರ ಹೇಳುತ್ತಾನೆ.

ಮೇದಪ್ಪನವರ ಫೋನು: 'ರುಖಿಯಾ, ನೀರು ನೀಲಿ ಬರಲಿ,
ಕಾಡು ಕಣ್ಣಿಗೆ ಹೊಡೀಬೇಕು. ಶನಿವಾರದ ಬುಕಿಂಗು.'
ಕಕ್ಕಡದಲ್ಲಿ ಬರಪೊಳೆ ನೀಲಿಯೆ?
ಹಾಲು ತಪ್ಪಿ ಬಿದ್ದ ಬೆಲ್ಲದ ಕಾಫಿ ಅದು.
ಸರಿ ಅಂದೆ. ಹತ್ತನೇ ತಾರೀಕು ಬಾಡಿಗೆ ಕಟ್ಟಬೇಕು.

ಸ್ಯಾಚುರೇಷನ್ ಹಿಡಿದರೆ ಪಂಕ್ತಿಗೆಲ್ಲ ಒಂದೇ ಸೌಟು,
ತುಂಬಿದ ತಟ್ಟೆಗೂ ಸುರಿದು
ಜಾಕೆಟ್ಟಿಗೆ ಬೆಂಕಿ, ಮುಖಗಳಿಗೆಲ್ಲ ಕಾಮಾಲೆ.
ವೈಬ್ರೆನ್ಸ್ ಹಾಗಲ್ಲ.
ನಮ್ಮ ಕಡೆ ಮದುವೆಯಲ್ಲಿ ಬಡಿಸುವ ಮೊಯ್ದುಕಾಕನ ಹಾಗೆ
ಯಾರಿಗೆ ಕಡಿಮೆ ಬಿತ್ತು, ಯಾರು ಕೇಳಲು ನಾಚುತ್ತಾರೆ,
ಅವರ ಹತ್ತಿರ ಬಂದು ನಿಲ್ಲುತ್ತದೆ.

ಕಪ್ಪನ್ನು ಕಪ್ಪಿಗೆ ಇಳಿಸಿದೆ, ನೊರೆಯನ್ನು ಬಿಳಿಗೆ ಏರಿಸಿದೆ.
ಆಮೇಲೆ ಮೆಲ್ಲಗೆ: ಐದು, ಹತ್ತು, ಇಪ್ಪತ್ತು.
ಪಾಚಿಗೆ ಜೀವ ಬಂತು. ಬಿದಿರಿಗೂ.
ಮೂವತ್ತಕ್ಕೆ
ಎಡದಂಡೆಯ ಬಂಡೆಯೊಂದು ಸೀರೆ ಉಟ್ಟುಕೊಂಡಿತು.

ನಿಲ್ಲಿಸಿ, ಹಿಂದಕ್ಕೆ ಓಡಿಸಿದೆ.
ಮೊದಲ ಸವಾರಿಯಲ್ಲೂ ಇದ್ದಾಳೆ, ಎರಡನೆಯದರಲ್ಲೂ.
ಹೋದ ವರ್ಷದ ಹಾರ್ಡ್‌ಡಿಸ್ಕು ಹುಡುಕಿ ತೆಗೆದೆ,
ಅಲ್ಲೂ ಅದೇ ಬಂಡೆ, ತಲೆಗೆ ಗೊಬ್ಬರದ ಚೀಲದ ಕೊಪ್ಪೆ,
ದೋಣಿ ಮಗುಚಿದ ಕಡೆಗೇ ಮುಖ,
ಬೆರಳು ಮಡಚುತ್ತಿದ್ದಾಳೆ: ಒಂದು, ಎರಡು, ಮೂರು.
ಮೂರು ಮಳೆಗಾಲ ಇದನ್ನೇ ಕತ್ತರಿಸಿ, ಡೋಲು ಕೂಡಿಸಿ ಮಾರಿದ್ದೇನೆ.
ನೋಡಿರಲಿಲ್ಲ.

ಸಂಜೆ ಚಾತ ಬಂದ, ಚಡ್ಡಿಯಿಂದ ನೀರು ತೊಟ್ಟಿಕ್ಕುತ್ತ.
'ಅವ್ವ,' ಅಂದ, ಬಸ್ಸು ಬಂತು ಅನ್ನುವ ಹಾಗೆ.
'ಹೆಲ್ಮೆಟ್ಟು ಎಣಿಸ್ತಾಳೆ. ಬ್ಯಾಡ ಅಂದ್ರೂ ಬರ್ತಾಳೆ.'
ಆಮೇಲೆ ಪರದೆಗೆ ಬಗ್ಗಿ: 'ಸೀರೆ ಮಾತ್ರ ಹಿಂಗಿಲ್ಲಕ್ಕ.'

ಹಸಿರಿಗೆ ತಿರುಗಿಸಿದೆ. ಅಲ್ಲ. ನೀಲಿಗೆ. ಅಲ್ಲ.
'ನೇರಳೆ. ಭಾನುವಾರದ ಸಂತೇಲಿ
ನನ್ನ ಮೊದಲ್ನೇ ಸಂಬಳದಾಗೆ ತಗೊಂಡಿದ್ದು.'
ಕೊಟ್ಟೆ, ನಾಲಿಗೆಗೆ ಹತ್ತುವಂಥ ನೇರಳೆ.
ಅವನಿಗೆ ನಗು. 'ಅದು ಅಂಗಡೀಲಿ ಇದ್ದಾಗ.'
ಮೌಸು ಕೇಳಿದ. ಹೊಳೆಯಲ್ಲಿ ನೆಂದು ಸುಕ್ಕಾದ ಬೆರಳು
ಎಷ್ಟು ಸಲ ಒಗೆದಳು ಅಂತ ಲೆಕ್ಕ ಹಾಕುವ ಹಾಗೆ
ಒಂದೊಂದೇ ಹಿಂದಕ್ಕೆ ತಂದಿತು.
ಇಪ್ಪತ್ತು. ಹದಿನಾಲ್ಕು.
ಹನ್ನೊಂದಕ್ಕೆ ಬಿಟ್ಟ. 'ಇದು.'
ಬಂಡೆಯೂ ಅವಳೂ ಹೆಚ್ಚುಕಮ್ಮಿ ಒಂದೇ ಆಗಿದ್ದರು,
ಆದರೆ ಈಗ ನನಗೆ ಕಾಣುತ್ತಿತ್ತು.

ಅಷ್ಟರಲ್ಲಿ ಮೇದಪ್ಪನವರ ಮೆಸೇಜು: ನೀಲಿ ಚೆನ್ನಾಗಿದೆ,
ಎಡಗಡೆ ಯಾರೋ ನಿಂತಿದ್ದಾರೆ, ಕತ್ತರಿಸು.
ಕತ್ತರಿಸಿದೆ. ದುಡ್ಡು ಬಂತು.

ಹನ್ನೊಂದರ ಫೈಲನ್ನು ಬೇರೆಯಾಗಿ ಹಚ್ಚಿದೆ.
ಎಂಬತ್ತಮೂರಕ್ಕೆ ಬಂದಾಗ ಕರೆಂಟು ಹೋಯಿತು.
ಕಾಯುತ್ತೇನೆ ಅಂದು ಚಾತ ಮೆಟ್ಟಿಲ ಮೇಲೆ ಕೂತ.
ಕೆಳಗೆ ಮಂಡಿ ಗುಡಿಸುತ್ತಿದ್ದರು.
ಕತ್ತಲಲ್ಲಿ ಇಬ್ಬರೂ ಸೀನಿದೆವು.