ಕಾಲು ಹಿಡಿಯುವ ಕೆಲಸ

ಆದೋನಿ ಆಸ್ಪತ್ರೆಯಲ್ಲಿ ನನ್ನದು ಕಾಲು ಹಿಡಿಯುವ ಕೆಲಸ.
ಹತ್ತಿ ಹಿಂಜಿ ಗಟ್ಟಿಯಾದ ತೋಳು;
ಡಾಕ್ಟರ್ ದೊರೆ ಗರಗಸ ಎತ್ತಿದರೆ
ಒದೆಯುವ ತೊಡೆಗಳ ಮೇಲೆ ಕೂರಬೇಕು.
ತಲೆಗೆ ಎರಡಾಣೆ. ಒದೆ, ಬೈಗುಳ ಪುಕ್ಕಟೆ.

ಆಮೇಲೊಂದು ಸೀಸೆ ಬಂತು,
ಮದರಾಸಿನ ತನಕ ಹಡಗು, ಅಲ್ಲಿಂದ ರೈಲು,
ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ.
ಬಿರಡೆ ತೆಗೆದರೆ
ಮಾಗಿ ಮೀರಿದ ಸೀತಾಫಲದ ವಾಸನೆ.

ಜಿನ್ನಿಂಗ್ ಮಿಲ್ಲಿಗೆ ಕೈ ಕೊಟ್ಟ ಉರುಕುಂದಿ.
ಮೂಗಿನ ಮೇಲೆ ಬಟ್ಟೆ. ಹನಿ. ಇನ್ನೊಂದು ಹನಿ.
ಎಣಿಸೋ, ಅಂದ ಕಂಪೌಂಡರ್ ದೇವದಾನಂ.
ಒಂದು, ಎರಡು... ನಾಕು, ಐದು,
ಆರು ಅಂದವನು
ಆರಿಯೇ ಹೋದ, ಬುಡ್ಡಿದೀಪದಂತೆ.

ನಾನು ಹಿಡಿದೇ ಇದ್ದೆ.
ಕಾಲು ಅರಳೆಯಷ್ಟು ಹಗುರ.
ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದೆ:
ಗರಗಸಕ್ಕೂ ಒಂದು ಸದ್ದಿದೆ.

ಬಾಗಿಲಲ್ಲಿ ಅವನವ್ವ,
ಬಿಟ್ಟುಹೋದ ಎಣಿಕೆ ಎತ್ತಿಕೊಂಡು,
ಏಳು, ಅಂದಳು. ಏಳೋ.